ಒಂದು ಲೆಕ್ ನೋಟಿನ ಹಿಂಬದಿಯ ಕೋಟೆ

ಪ್ರಶ್ನೆ: ಅಪ್ಪ ತೀರಿಕೊಂಡ ಮೇಲೆ ಅವರ ಟ್ರಂಕು ತೆರೆದಾಗ ಹಳೆಯ ವಿದೇಶಿ ನೋಟುಗಳ ಆಲ್ಬಮ್ ಸಿಕ್ಕಿತು. ಅದರಲ್ಲಿ ಅಲ್ಬೇನಿಯಾದ ಒಂದು ಹಸಿರು ನೋಟಿದೆ. 1 ಲೆಕ್, ಇಸವಿ 1976. ಒಂದು ಕಡೆ ಹಳ್ಳಿಯ ಗಂಡ ಹೆಂಡತಿಯ ಹಾಗೆ ಕಾಣುವ ಇಬ್ಬರು. ಇನ್ನೊಂದು ಕಡೆ ಗುಡ್ಡದ ಮೇಲೆ ಏನೋ ಕಟ್ಟಡ. ಇವರು ಯಾರು? ನಮ್ಮ ನೋಟಿನಲ್ಲಿ ಗಾಂಧೀಜಿ ಇರುವ ಹಾಗೆ ಅವರ ನಾಯಕರ ಚಿತ್ರ ಯಾಕಿಲ್ಲ? ಆ ಕಟ್ಟಡ ಯಾವುದು? ಇದಕ್ಕೆ ಬೆಲೆ ಬರುತ್ತದಾ? ಫ್ರೇಮ್ ಹಾಕಿಸಿ ಗೋಡೆಗೆ ತೂಗು ಹಾಕೋಣ ಅಂತಿದ್ದೇನೆ.

ಉತ್ತರ: ಬೆಲೆಯ ಮಾತನ್ನು ಮೊದಲೇ ಮುಗಿಸಿಬಿಡೋಣ. 1976ರ ಅಲ್ಬೇನಿಯಾ ನೋಟುಗಳು ಸಂಗ್ರಾಹಕರ ಪೇಟೆಯಲ್ಲಿ ಧಾರಾಳವಾಗಿ ಸಿಗುತ್ತವೆ. ಅಲ್ಲಿನ ಸರ್ಕಾರ ಬದಲಾದ ಮೇಲೆ ಗರಿಗರಿ ನೋಟುಗಳು ಕಟ್ಟುಗಟ್ಟಲೆ ಹೊರಗೆ ಬಂದವು. ಹಾಗಾಗಿ ಮಾರಿದರೆ ದೊಡ್ಡ ದುಡ್ಡು ಬರುವುದಿಲ್ಲ. ಅಲ್ಬೇನಿಯಾಗೆ ಹೋದರೂ ಅದು ನಡೆಯುವುದಿಲ್ಲ, ಚಲಾವಣೆ ನಿಂತು ಕಾಲವಾಯಿತು. ಇದೇ ಚಿತ್ರಗಳ ಮೇಲೆ 1964 ಎಂದು ಇಸವಿ ಇದ್ದರೆ ಅದು ಹಿಂದಿನ ಸರಣಿ, ಸ್ವಲ್ಪ ಅಪರೂಪ. ನಿಮ್ಮದರಲ್ಲಿ 1976 ಎಂದೇ ಇದೆ ಅಂತ ಬರೆದಿದ್ದೀರಿ. ಇರಲಿ. ಅಪ್ಪ ಜೋಪಾನವಾಗಿ ಇಟ್ಟಿದ್ದ ನೋಟು, ಅದನ್ನು ಮಾರುವ ಯೋಚನೆ ನಿಮಗೂ ಇದ್ದ ಹಾಗೆ ಕಾಣಲಿಲ್ಲ.

ಈಗ ಚಿತ್ರಕ್ಕೆ ಬರೋಣ.

ಆ ಇಬ್ಬರಿಗೆ ಹೆಸರಿಲ್ಲ. ಅವರು ರೈತರು, ಒಬ್ಬ ಗಂಡಸು, ಒಬ್ಬ ಹೆಂಗಸು, ಅಷ್ಟೇ. ಅವರನ್ನು ಹಾಗೆ ಹೆಸರಿಲ್ಲದೆ ಇಟ್ಟದ್ದು ಬೇಕೆಂದೇ. ನಿಮ್ಮ ನೋಟು ಏಳು ನೋಟುಗಳ ಒಂದು ಸರಣಿಗೆ ಸೇರಿದ್ದು: 1, 3, 5, 10, 25, 50, 100 ಲೆಕ್. ಏಳನ್ನೂ ಮೇಜಿನ ಮೇಲೆ ಸಾಲಾಗಿ ಜೋಡಿಸಿ ನೋಡಿದರೆ ಇದು ಚೆನ್ನಾಗಿ ಗೊತ್ತಾಗುತ್ತದೆ. 1 ಲೆಕ್‌ನಲ್ಲಿ ರೈತ ದಂಪತಿ. 3 ಲೆಕ್‌ನಲ್ಲಿ ದ್ರಾಕ್ಷಿ ಬುಟ್ಟಿ ಹಿಡಿದ ಹೆಂಗಸು. 5ರಲ್ಲಿ ಮನುಷ್ಯರೇ ಇಲ್ಲ, ಒಂದು ಲಾರಿ, ಒಂದು ಉಗಿಬಂಡಿ ರೈಲು, ಹಿಂದೆ ತಿರುಗಿಸಿದರೆ ಸಮುದ್ರದಲ್ಲಿ ಹಡಗು. 10ರಲ್ಲಿ ಗಿರಣಿಯಲ್ಲಿ ನೂಲು ತೆಗೆಯುವ ಹೆಂಗಸು. 25ರಲ್ಲಿ ತೆನೆಯ ಹೊರೆ ಹಿಡಿದ ರೈತ ಹೆಂಗಸು, ಪಕ್ಕದಲ್ಲಿ ಕೊಯ್ಲಿನ ಯಂತ್ರ, ಹಿಂದೆ ಟ್ರ್ಯಾಕ್ಟರ್. 50ರಲ್ಲಿ ಕವಾಯತು ನಡೆಸುವ ಸೈನಿಕರು, ಬಲಗಡೆ ಅಲ್ಬೇನಿಯಾದ ಹಳೆಯ ವೀರ ಸ್ಕಂದರ್‌ಬೆಗ್‌ನ ಮುಖ. 100ರಲ್ಲಿ ಅಣೆಕಟ್ಟಿನ ಕೆಲಸದ ಜಾಗದಲ್ಲಿ ಒಬ್ಬ ಕಾರ್ಮಿಕ, ಅವನ ಜೊತೆ ಒಬ್ಬ ಹುಡುಗ, ಹಿಂಬದಿಯಲ್ಲಿ ಉಕ್ಕಿನ ಕೆಲಸಗಾರ ಮತ್ತು ಎಣ್ಣೆ ಬಾವಿ ಕೊರೆಯುವವನು.

ಇಷ್ಟು ಜನರಲ್ಲಿ ಹೆಸರಿರುವುದು ಒಬ್ಬನಿಗೆ ಮಾತ್ರ. ಸ್ಕಂದರ್‌ಬೆಗ್. ಅವನು 1468ರಲ್ಲೇ ತೀರಿಕೊಂಡವನು.

ಆ ಕಾಲದಲ್ಲಿ ಅಲ್ಬೇನಿಯಾ ಆಳುತ್ತಿದ್ದವನು ಎನ್ವರ್ ಹೋಜಾ. 1944ರಿಂದ 1985ರಲ್ಲಿ ಸಾಯುವವರೆಗೂ ಅವನದೇ ಆಡಳಿತ. ಅವನ ಫೋಟೋ ಶಾಲೆಗಳಲ್ಲಿತ್ತು, ಕಾರ್ಖಾನೆಗಳಲ್ಲಿತ್ತು. ಬೆರಾತ್ ಪಟ್ಟಣದ ಹತ್ತಿರ ಶ್ಪಿರಾಗ್ ಅನ್ನುವ ಬೆಟ್ಟದ ಇಳಿಜಾರಿನಲ್ಲಿ ಅವನ ಹೆಸರನ್ನೇ ಕಲ್ಲಿನಲ್ಲಿ ದೊಡ್ಡ ಅಕ್ಷರಗಳಾಗಿ ಹರಡಿದ್ದರು. ಆದರೆ ನೋಟಿನ ಮೇಲೆ ಅವನು ಬರಲಿಲ್ಲ. ನೋಟು ಜನರದ್ದು, ದುಡಿಯುವವರದ್ದು ಎಂದು ತೋರಿಸುವುದು ಆ ಕಾಲದ ಕಮ್ಯುನಿಸ್ಟ್ ದೇಶಗಳ ಒಂದು ರೀತಿ. ಚೀನಾದಲ್ಲೂ ಅದೇ ಆಯಿತು. ಮಾವೋ ಬದುಕಿದ್ದಾಗ ಚಲಾವಣೆಯಲ್ಲಿದ್ದ 1 ಯುವಾನ್ ನೋಟಿನಲ್ಲಿ ಟ್ರ್ಯಾಕ್ಟರ್ ಓಡಿಸುವ ಹೆಣ್ಣುಮಗಳಿದ್ದಳು, 5 ಯುವಾನ್‌ನಲ್ಲಿ ಉಕ್ಕಿನ ಕೆಲಸಗಾರನಿದ್ದ. ಮಾವೋ ಮುಖ ಅಲ್ಲಿನ ನೋಟಿಗೆ ಬಂದದ್ದು ಅವನು ಸತ್ತು ಹತ್ತು ವರ್ಷ ದಾಟಿದ ಮೇಲೆ.

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ವಿಷಯವಿದೆ, ಇದನ್ನು ಹೇಳದೆ ಮುಂದೆ ಹೋಗಲಾರೆ. ಮೇಲೆ ಕೊಟ್ಟ ಬೆಲೆಗಳನ್ನು ಇನ್ನೊಮ್ಮೆ ಓದಿ. 1, 3, 5, 10, 25, 50, 100. ಮೂರರ ನೋಟು, ಇಪ್ಪತ್ತೈದರ ನೋಟು. ನಮಗೆ 2 ಮತ್ತು 20 ರೂಢಿ, ಅಲ್ವಾ? ಈ 3 ಮತ್ತು 25 ಎಲ್ಲಿಂದ ಬಂತು? ಸೋವಿಯತ್ ಒಕ್ಕೂಟದಿಂದ. ಅಲ್ಲಿ 1961ರಲ್ಲಿ ಹೊರಟ ರೂಬಲ್ ನೋಟುಗಳ ಸಾಲು ಹೀಗೇ ಇದೆ, ಒಂದೂ ಹೆಚ್ಚುಕಡಿಮೆ ಇಲ್ಲ. ಸೋವಿಯತ್ ಒಕ್ಕೂಟ ಅದೇ 1961ರಲ್ಲಿ ಹತ್ತು ಹಳೆಯ ರೂಬಲ್‌ಗೆ ಒಂದು ಹೊಸ ರೂಬಲ್ ಎಂದು ಮಾಡಿತು. ಅಲ್ಬೇನಿಯಾ 1965ರ ಆಗಸ್ಟ್‌ನಲ್ಲಿ ಹತ್ತು ಹಳೆಯ ಲೆಕ್‌ಗೆ ಒಂದು ಹೊಸ ಲೆಕ್ ಎಂದು ಮಾಡಿತು. ಆ ಹೊಸ ಲೆಕ್‌ಗಾಗಿಯೇ 1964 ಇಸವಿಯ ನೋಟುಗಳು ತಯಾರಾದವು. ಆದರೆ ಅಷ್ಟು ಹೊತ್ತಿಗೆ ಅಲ್ಬೇನಿಯಾ ಸೋವಿಯತ್ ಒಕ್ಕೂಟದ ಜೊತೆ ಜಗಳವಾಡಿ, 1961ರಲ್ಲೇ ಸಂಬಂಧ ಕಡಿದುಕೊಂಡು, ಚೀನಾದ ಕೈ ಹಿಡಿದಿತ್ತು. ಹಾಗಾಗಿ ಈ ನೋಟುಗಳಲ್ಲಿ ಎರಡು ಮನೆಗಳ ಗುರುತು ಒಟ್ಟಿಗೆ ಇದೆ ಎಂದು ನಾನು ಓದುತ್ತೇನೆ. ಬೆಲೆಯ ಸಾಲು ಬಿಟ್ಟುಬಂದ ಮನೆಯದು. ನಾಯಕನಿಲ್ಲದ, ದುಡಿಯುವ ಮುಖಗಳಷ್ಟೇ ಇರುವ ಚಿತ್ರಗಳು ಹೊಸದಾಗಿ ಸೇರಿದ ಮನೆಗೆ ಹತ್ತಿರ, ಏಕೆಂದರೆ ಸೋವಿಯತ್ ನೋಟಿನಲ್ಲಿ 10ರಿಂದ ಮೇಲಕ್ಕೆ ಲೆನಿನ್ ಕೂತಿದ್ದ.

ಹತ್ತಕ್ಕೆ ಒಂದು ಮಾಡಿದ್ದರ ನೆನಪು ಅಲ್ಲಿನ ಜನರ ಬಾಯಲ್ಲಿ ಇನ್ನೂ ಇದೆ. ಅರವತ್ತು ವರ್ಷವಾಯಿತು, ಆದರೂ ರಾಜಧಾನಿ ಟಿರಾನಾದ ಅಂಗಡಿಯಲ್ಲಿ 100 ಲೆಕ್‌ನ ಸಾಮಾನಿಗೆ ಎಷ್ಟಪ್ಪಾ ಅಂತ ಕೇಳಿದರೆ ಸಾವಿರ ಎಂಬ ಉತ್ತರ ಬರಬಹುದು. ಹಳೇ ಲೆಕ್ಕದಲ್ಲಿ ಹೇಳುವುದು. ಹೊರಗಿನಿಂದ ಹೋದವರು ಗಾಬರಿಯಾಗುತ್ತಾರೆ. ನಮ್ಮಲ್ಲಿ 1957ರಲ್ಲಿ ಹೊಸ ಪೈಸೆ ಬಂದ ಮೇಲೂ ನಾಲ್ಕಾಣೆ, ಎಂಟಾಣೆ ಅನ್ನುವ ಮಾತು ಎಷ್ಟು ವರ್ಷ ಉಳಿಯಿತು ನೋಡಿ, ಹಾಗೆ.

ಲೆಕ್ ಅನ್ನುವ ಹೆಸರಿನ ಬಗ್ಗೆ ಒಂದೇ ಮಾತು: ಅದು ಅಲೆಕ್ಸಾಂಡರ್‌ನಿಂದ ಬಂದದ್ದು. 1926ರಲ್ಲಿ ಹೊರಟ ಮೊದಲ 1 ಲೆಕ್ ನಾಣ್ಯದ ಮೇಲೆ ಅವನ ತಲೆಯೇ ಇದೆ.

1976 ಎಂಬ ಇಸವಿಗೂ ಅರ್ಥವಿದೆ. ಆ ವರ್ಷ ಡಿಸೆಂಬರ್‌ನಲ್ಲಿ ಅಲ್ಬೇನಿಯಾ ಹೊಸ ಸಂವಿಧಾನ ಒಪ್ಪಿಕೊಂಡು ತನ್ನ ಹೆಸರಿಗೆ ಸಮಾಜವಾದಿ ಎಂಬ ಪದ ಸೇರಿಸಿಕೊಂಡಿತು. ಆ ಸಂವಿಧಾನದಲ್ಲಿ ಹೊರದೇಶಗಳಿಂದ ಸಾಲ ತೆಗೆದುಕೊಳ್ಳಬಾರದು ಎಂದೇ ಬರೆದಿದ್ದರು. ದೇಶದ ಬಾಗಿಲು ಎಷ್ಟು ಮುಚ್ಚಿತ್ತೆಂದರೆ ಸಾಮಾನ್ಯ ಜನ ಗಡಿ ದಾಟುವಂತಿರಲಿಲ್ಲ, ಸ್ವಂತಕ್ಕೆ ಕಾರು ಇಟ್ಟುಕೊಳ್ಳುವಂತಿರಲಿಲ್ಲ. 1967ರಲ್ಲಿ ಮಸೀದಿ, ಚರ್ಚು ಎಲ್ಲಾ ಮುಚ್ಚಿಸಿ, ದೇವರನ್ನು ನಂಬುವುದೇ ತಪ್ಪು ಎಂದು ಮಾಡಿದ್ದರು. ಇದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಆ ಏಳು ನೋಟುಗಳನ್ನು ಮತ್ತೆ ನೋಡಿ.

5 ಲೆಕ್‌ನ ರೈಲನ್ನು ತೆಗೆದುಕೊಳ್ಳಿ. ಅಲ್ಬೇನಿಯಾದಲ್ಲಿ ಎರಡನೇ ಮಹಾಯುದ್ಧ ಮುಗಿಯುವವರೆಗೂ ಜನ ಓಡಾಡುವ ರೈಲು ಇರಲಿಲ್ಲ. 1947ರಲ್ಲಿ ದುರಸ್ ಬಂದರಿನಿಂದ ಪೆಚಿನ್‌ವರೆಗೆ ಮೊದಲ ಹಳಿ ಬಿತ್ತು. ಹಾಕಿದವರು ಹದಿಹರೆಯದ ಹುಡುಗ ಹುಡುಗಿಯರ ದಂಡುಗಳು, ಗುದ್ದಲಿ ಪಿಕಾಸಿ ಹಿಡಿದು. ಹಾಗಾಗಿ ಆ ರೈಲಿನ ಚಿತ್ರದ ಬಗ್ಗೆ ಅವರಿಗೆ ಇದ್ದ ಹೆಮ್ಮೆ ನಿಜವಾದದ್ದೇ. ಆದರೆ ನಿಮ್ಮ ನೋಟು ಅಚ್ಚಾದ ಕಾಲಕ್ಕೆ ಆ ರೈಲು ದೇಶದ ಒಳಗೇ ಓಡಿ ಒಳಗೇ ನಿಲ್ಲುತ್ತಿತ್ತು. ಹೊರಗಿನ ಯಾವ ಹಳಿಗೂ ಅದು ಸೇರಿರಲಿಲ್ಲ. 1986ರಲ್ಲಿ ಶ್ಕೋಡರ್‌ನಿಂದ ಯುಗೊಸ್ಲಾವಿಯಾ ಕಡೆಗೆ ಒಂದು ಹಳಿ ಕೂಡಿತು, ಅದೂ ಸರಕು ಸಾಗಣೆಗೆ.

ಅದೇ ನೋಟಿನ ಹಿಂದಿರುವ ಹಡಗನ್ನು ನೋಡಿದಾಗೆಲ್ಲ ನನಗೆ ಇನ್ನೊಂದು ಹಡಗು ನೆನಪಾಗುತ್ತದೆ. 1991ರ ಆಗಸ್ಟ್. ಸರ್ಕಾರ ಕುಸಿಯುತ್ತಿತ್ತು. ಕ್ಯೂಬಾದಿಂದ ಸಕ್ಕರೆ ತಂದಿದ್ದ ವ್ಲೋರಾ ಅನ್ನುವ ಸರಕು ಹಡಗು ದುರಸ್ ಬಂದರಿಗೆ ಬಂತು. ಜನ ನೀರಿಗೆ ಧುಮುಕಿ, ಹಗ್ಗ ಹಿಡಿದು ಹತ್ತಿ, ಹಡಗಿನ ತುಂಬಾ ತುಂಬಿಕೊಂಡರು. ಸುಮಾರು 20,000 ಜನ. ಆಗಸ್ಟ್ 8ರಂದು ಹಡಗು ಇಟಲಿಯ ಬಾರಿ ಬಂದರು ಸೇರಿತು. ಆ ಫೋಟೋ ನೀವೂ ನೋಡಿರಬಹುದು. ಕಂಬ, ಏಣಿ, ಹಗ್ಗ, ಎಲ್ಲೆಲ್ಲೂ ಮನುಷ್ಯರು, ಹಡಗಿನ ಬಣ್ಣವೇ ಕಾಣದ ಹಾಗೆ. ಇಟಲಿಯವರು ಅವರಲ್ಲಿ ಹೆಚ್ಚಿನವರನ್ನು ವಾಪಸ್ ಕಳಿಸಿದರು. ನೋಟಿನ ಹಡಗು ಬೇರೆ, ಆ ಹಡಗು ಬೇರೆ. ಆದರೆ ಅದನ್ನು ಹತ್ತಿದ ಎಷ್ಟೋ ಜನರ ಜೇಬಿನಲ್ಲಿ ಈ ಸರಣಿಯ ನೋಟುಗಳು ಇದ್ದೇ ಇರುತ್ತವೆ, ಅಷ್ಟು ವರ್ಷ ನಡೆದದ್ದು ಇದೇ ದುಡ್ಡು.

25 ಲೆಕ್‌ನ ತೆನೆ ಹೊರೆಯ ಹಿಂದೆಯೂ ಒಂದು ಸಂಗತಿಯಿದೆ. ರೊಟ್ಟಿಗೆ ಬೇಕಾದ ಧಾನ್ಯವನ್ನೆಲ್ಲ ನಾವೇ ಬೆಳೆದುಕೊಂಡೆವು ಎಂದು ಅಲ್ಬೇನಿಯಾ ಸರ್ಕಾರ ಘೋಷಿಸಿದ್ದು ಇದೇ 1976ರಲ್ಲಿ. ಕೆಲವೇ ವರ್ಷಗಳಲ್ಲಿ ಊಟದ ಸಾಮಾನಿಗೆ ಸರದಿ ಸಾಲು ಉದ್ದವಾಗತೊಡಗಿತು. ಟ್ರ್ಯಾಕ್ಟರ್ ಚಿತ್ರ ನಮಗೆ ಹೊಸದೇನಲ್ಲ. ನಮ್ಮ ಹಳೆಯ 5 ರೂಪಾಯಿ ನೋಟಿನ ಹಿಂದೆ ಟ್ರ್ಯಾಕ್ಟರ್ ಇತ್ತು, 100 ರೂಪಾಯಿ ನೋಟಿನ ಹಿಂದೆ ಹಿರಾಕುಡ್ ಅಣೆಕಟ್ಟು ಇತ್ತು. ಆ ಕಾಲದಲ್ಲಿ ಹೊಸದಾಗಿ ನಿಂತ ದೇಶಗಳೆಲ್ಲ ತಮ್ಮ ಆಸೆಯನ್ನು ನೋಟಿನ ಮೇಲೆ ಅಚ್ಚು ಹಾಕಿದವು. ಅಲ್ಬೇನಿಯಾದ 100 ಲೆಕ್‌ನಲ್ಲಿ ಅಣೆಕಟ್ಟಿನ ಹತ್ತಿರ ಆ ಹುಡುಗನನ್ನು ನಿಲ್ಲಿಸಿದ್ದೂ ಅದಕ್ಕೇ ಎಂದು ನನಗೆ ಅನಿಸುತ್ತದೆ. ಈ ನೀರು, ಈ ವಿದ್ಯುತ್ತು ನಿನಗೆ ಅಂತ. ಆ ಮಾತು ಬರೀ ಚಿತ್ರವಾಗಿ ಉಳಿಯಲಿಲ್ಲ. 1970ರ ಹೊತ್ತಿಗೆ ಆ ಬೆಟ್ಟದ ದೇಶದ ಹಳ್ಳಿ ಹಳ್ಳಿಗೂ ಕರೆಂಟು ಬಂದಿತ್ತು, ಆಮೇಲೆ ದ್ರಿನ್ ನದಿಗೆ ಕಟ್ಟಿದ ದೊಡ್ಡ ಅಣೆಕಟ್ಟುಗಳಿಂದ ಇವತ್ತಿಗೂ ಅಲ್ಲಿ ದೀಪ ಉರಿಯುತ್ತಿದೆ.

50 ಲೆಕ್ ಮಾತ್ರ ನೇರವಾಗಿ ಮಾತಾಡುತ್ತದೆ. ಹಿಂಬದಿಯಲ್ಲಿ ಒಂದು ಬಂದೂಕು, ಒಂದು ಪಿಕಾಸಿ, ಆಚೆ ಕಟ್ಟುತ್ತಿರುವ ಹೊಸ ಕಟ್ಟಡ. ಒಂದು ಕೈಯಲ್ಲಿ ಪಿಕಾಸಿ, ಇನ್ನೊಂದು ಕೈಯಲ್ಲಿ ಬಂದೂಕು ಹಿಡಿದು ಸಮಾಜವಾದ ಕಟ್ಟುತ್ತೇವೆ ಎನ್ನುವುದು ಆಗ ಅಲ್ಲಿನ ಮಕ್ಕಳಿಗೂ ಗೊತ್ತಿದ್ದ ಘೋಷಣೆ. ಬಂದೂಕು ಬರೀ ಮಾತಿಗಲ್ಲ. ಯಾರೋ ದಾಳಿ ಮಾಡುತ್ತಾರೆ ಎಂಬ ಭಯದಲ್ಲಿ ದೇಶದ ಉದ್ದಗಲಕ್ಕೂ ಕಾಂಕ್ರೀಟಿನ ಬಂಕರ್‌ಗಳನ್ನು ಕಟ್ಟಿದರು, ಲಕ್ಷಕ್ಕೂ ಹೆಚ್ಚು. ಹೊಲದಲ್ಲಿ, ದ್ರಾಕ್ಷಿ ತೋಟದಲ್ಲಿ, ಸಮುದ್ರ ದಂಡೆಯಲ್ಲಿ ಅಣಬೆ ಎದ್ದ ಹಾಗೆ ಅವು ಇನ್ನೂ ಇವೆ. ಯಾವ ದಾಳಿಯೂ ಬರಲಿಲ್ಲ. ಆ ಸಿಮೆಂಟು, ಆ ಕಬ್ಬಿಣ ಮನೆ ಕಟ್ಟಲು ಸಿಕ್ಕಿದ್ದರೆ ಎಷ್ಟು ಸಂಸಾರಗಳಿಗೆ ಸೂರಾಗುತ್ತಿತ್ತು ಎಂದು ಯೋಚಿಸಿದರೆ ಬೇಜಾರಾಗುತ್ತದೆ.

ಸ್ಕಂದರ್‌ಬೆಗ್ ಯಾಕೆ ಅದೇ ನೋಟಿನಲ್ಲಿದ್ದಾನೆ ಎಂಬುದು ಈಗ ನಿಮಗೆ ಹೊಳೆದಿರಬೇಕು. ಅವನ ನಿಜ ಹೆಸರು ಗ್ಯೆರ್ಗ್ಯ್ ಕಸ್ತ್ರಿಯೋತಿ. ಆಟೊಮನ್ ತುರ್ಕರ ಸೇನೆಯಲ್ಲೇ ಬೆಳೆದು, 1443ರ ನವೆಂಬರ್‌ನಲ್ಲಿ ಅದನ್ನು ಬಿಟ್ಟು ಬಂದು, ಕ್ರುಯಾ ಕೋಟೆಯ ಮೇಲೆ ಎರಡು ತಲೆಯ ಹದ್ದಿನ ಬಾವುಟ ಏರಿಸಿದವನು. ಆಮೇಲೆ ಸಾಯುವವರೆಗೂ, ಇಪ್ಪತ್ತೈದು ವರ್ಷ, ತುರ್ಕರನ್ನು ತಡೆದು ನಿಲ್ಲಿಸಿದ. ರಾಜರು ಬಂದರು, ಇಟಲಿಯವರು ಬಂದರು, ಕಮ್ಯುನಿಸ್ಟರು ಬಂದರು, ಅವರೂ ಹೋದರು. ಇವನು ಮಾತ್ರ ಎಲ್ಲರಿಗೂ ಬೇಕಾದವನು. ಇವತ್ತಿನ 5000 ಲೆಕ್ ನೋಟಿನಲ್ಲೂ ಅವನೇ.

ನಿಮ್ಮ ನೋಟಿಗೆ ವಾಪಸ್ ಬರೋಣ. ಅದರ ಹಿಂಬದಿಯ ಬಗ್ಗೆ ಬರೆಯಬೇಕು ಅಂತಲೇ ನಾನು ಈ ಉತ್ತರ ಶುರು ಮಾಡಿದ್ದು.

ಅದು ಶ್ಕೋಡರ್ ಊರಿನ ಕೋಟೆ. ಹೆಸರು ರೋಜಾಫಾ. ಅಲ್ಬೇನಿಯಾದ ಉತ್ತರದಲ್ಲಿ, ದೊಡ್ಡ ಸರೋವರದ ಪಕ್ಕದಲ್ಲಿ, ನದಿಗಳು ಬಂದು ಸೇರುವ ಜಾಗದಲ್ಲಿ ಒಂಟಿ ಗುಡ್ಡ. ಅದರ ನೆತ್ತಿಯ ಮೇಲೆ ಗೋಡೆಗಳು. ಆ ಗುಡ್ಡ ಹಿಡಿದವರಿಗೆ ಸುತ್ತಲ ಬಯಲು, ನೀರು, ದಾರಿ ಎಲ್ಲವೂ ಕೈಯಲ್ಲಿದ್ದ ಹಾಗೆ. ಕ್ರಿಸ್ತಪೂರ್ವ 168ರಲ್ಲಿ ರೋಮನ್ನರು ಇಲ್ಲಿ, ಆ ನಾಡಿನ ಪುರಾತನ ಜನರಾದ ಇಲ್ಲಿರಿಯನ್ನರ ರಾಜ ಗೆಂಟಿಯಸ್‌ನನ್ನು ಸೋಲಿಸಿದರು. ಆಮೇಲೆ ಇದು ವೆನಿಸ್‌ನವರ ಕೈಯಲ್ಲಿತ್ತು. 1479ರಲ್ಲಿ ದೊಡ್ಡ ಮುತ್ತಿಗೆಯ ನಂತರ ತುರ್ಕರ ಪಾಲಾಯಿತು. ಇಷ್ಟು ಇತಿಹಾಸ ಸಾಕು. ಕೋಟೆಗೆ ಆ ಹೆಸರು ಹೇಗೆ ಬಂತು ಎನ್ನುವುದು ಇದಕ್ಕಿಂತ ದೊಡ್ಡ ಕಥೆ.

ಮೂರು ಜನ ಅಣ್ಣತಮ್ಮಂದಿರು ಈ ಕೋಟೆ ಕಟ್ಟುತ್ತಿದ್ದರಂತೆ. ಹಗಲೆಲ್ಲ ಕಟ್ಟಿದ ಗೋಡೆ ರಾತ್ರಿ ಬಿದ್ದುಹೋಗುತ್ತಿತ್ತು. ದಿನಾ ಹೀಗೇ. ಒಬ್ಬ ಮುದುಕ ದಾರಿಯಲ್ಲಿ ಬಂದವನು ಹೇಳಿದ: ನಾಳೆ ನಿಮ್ಮ ಹೆಂಡಿರಲ್ಲಿ ಯಾರು ಬುತ್ತಿ ತರುತ್ತಾಳೋ ಅವಳನ್ನು ಗೋಡೆಯೊಳಗೆ ಇಟ್ಟು ಕಟ್ಟಿ, ಆಗ ನಿಲ್ಲುತ್ತದೆ. ಆದರೆ ಮನೆಯಲ್ಲಿ ಈ ಮಾತು ಎತ್ತಬೇಡಿ. ಮೂವರೂ ಭಾಷೆ ಕೊಟ್ಟರು. ಅಲ್ಬೇನಿಯನ್ನರಲ್ಲಿ ಇದಕ್ಕೆ ಬೆಸಾ ಅನ್ನುತ್ತಾರೆ, ಕೊಟ್ಟ ಮಾತು. ಪ್ರಾಣಕ್ಕಿಂತ ದೊಡ್ಡದು ಅದು ಅವರಿಗೆ. ಇಬ್ಬರು ಅಣ್ಣಂದಿರು ರಾತ್ರಿ ಹೆಂಡಿರ ಕಿವಿಯಲ್ಲಿ ಹೇಳಿಬಿಟ್ಟರು. ಕಿರಿಯವನು ಮಾತಿಗೆ ನಿಂತ, ಹೇಳಲಿಲ್ಲ. ಮಾರನೇ ದಿನ ಅತ್ತೆ ಬುತ್ತಿ ಕೊಟ್ಟು ಬಾ ಅಂದಾಗ ಹಿರಿಯ ಸೊಸೆಯರಿಬ್ಬರೂ ಒಂದೊಂದು ನೆಪ ಹೇಳಿದರು. ಕಿರಿಯವಳು ಹೊರಟಳು. ಹಾಲು ಕುಡಿಯುವ ಮಗ ಮನೆಯಲ್ಲಿ.

ವಿಷಯ ತಿಳಿದಾಗ ಅವಳು ಓಡಲಿಲ್ಲ. ಒಂದೇ ಒಂದು ಕೇಳಿಕೊಂಡಳು. ಗೋಡೆ ಕಟ್ಟುವಾಗ ನನ್ನ ಬಲಗಣ್ಣು ಹೊರಗೆ ಬಿಡಿ, ಮಗನನ್ನು ನೋಡಲಿಕ್ಕೆ. ಬಲಗೈ ಬಿಡಿ, ಅವನ ತಲೆ ಸವರಲಿಕ್ಕೆ. ಬಲಗಾಲು ಬಿಡಿ, ತೊಟ್ಟಿಲು ತೂಗಲಿಕ್ಕೆ. ಬಲಗಡೆಯ ಮೊಲೆ ಬಿಡಿ, ಹಾಲು ಕುಡಿಸಲಿಕ್ಕೆ. ಹಾಗೇ ಕಟ್ಟಿದರು. ಗೋಡೆ ನಿಂತಿತು. ಅವಳ ಹೆಸರು ರೋಜಾಫಾ.

ಇದನ್ನು ಓದುತ್ತಿರುವಾಗ ನಿಮಗೆ ಭಾಗೀರಥಿ ನೆನಪಾಗಿರಬೇಕು. ನನಗಂತೂ ಮೊದಲ ಸಲ ಈ ಕಥೆ ಓದಿದಾಗ ಮೈ ಝುಂ ಅಂದಿತು. ನಮ್ಮ ಕೆರೆಗೆ ಹಾರದ ಹಾಡಿನಲ್ಲಿ ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ಹನಿ ನೀರು ಬರುವುದಿಲ್ಲ. ಸೊಸೆಯನ್ನು ಹಾರ ಕೊಡಬೇಕು ಅನ್ನುತ್ತಾರೆ. ಅಲ್ಲೂ ಕಿರಿಯ ಸೊಸೆಯೇ. ಅಲ್ಲೂ ಅವಳಿಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಲ್ಲೂ ಅವಳು ತಾನಾಗಿ ನಡೆದು ಹೋಗುತ್ತಾಳೆ, ನೀರು ಪಾದಕ್ಕೆ, ಮೊಣಕಾಲಿಗೆ ಅಂತ ಏರುತ್ತಾ ಬರುತ್ತದೆ. ಅಲ್ಲಿ ಕೋಟೆ, ಇಲ್ಲಿ ಕೆರೆ. ಬಾಲ್ಕನ್ ನಾಡುಗಳಲ್ಲಿ ಈ ಕಥೆ ಊರಿಗೊಂದು ರೂಪದಲ್ಲಿದೆ. ಸರ್ಬಿಯಾದವರು ಶ್ಕೋಡರ್ ಕೋಟೆಯ ಬಗ್ಗೆಯೇ ಹಾಡು ಕಟ್ಟಿದ್ದಾರೆ, ಗ್ರೀಸ್‌ನಲ್ಲಿ ಆರ್ತಾ ಊರಿನ ಸೇತುವೆಗೆ, ರುಮೇನಿಯಾದಲ್ಲಿ ಒಂದು ಮಠಕ್ಕೆ ಇದೇ ಕಥೆ ಅಂಟಿದೆ. ಎಲ್ಲ ಕಡೆಯೂ ಕಟ್ಟಡ ನಿಲ್ಲಲು ಒಬ್ಬ ಹೆಣ್ಣುಮಗಳು ಬೇಕು, ಎಲ್ಲ ಕಡೆಯೂ ಬಲಿಯಾಗುವುದು ಕಪಟ ತಿಳಿಯದವಳು.

ಕೋಟೆಯ ಬಾಗಿಲ ಹತ್ತಿರ ಇವತ್ತಿಗೂ ಒಂದು ಗುರುತಿದೆ. ಕಮಾನಿನ ಕಲ್ಲುಗಳ ಸಂದಿಯಿಂದ ಸುಣ್ಣ ಬೆರೆತ ನೀರು ಜಿನುಗುತ್ತದೆ, ಬಿಳಿ ಬಿಳಿಯಾಗಿ. ಅದು ರೋಜಾಫಾಳ ಹಾಲು ಅಂತ ಜನ ನಂಬಿದ್ದರು. ಹೆರಿಗೆಯಾಗಿ ಹಾಲು ಸಾಲದ ತಾಯಂದಿರು ಅಲ್ಲಿಗೆ ಬಂದು ಆ ನೀರನ್ನು ಎದೆಗೆ ಹಚ್ಚಿಕೊಂಡು ಹೋಗುತ್ತಿದ್ದರು.

ಈಗ ನೋಟನ್ನು ಕೈಗೆ ತೆಗೆದುಕೊಳ್ಳಿ. ಮುಂಬದಿಯಲ್ಲಿ ಹೆಸರಿಲ್ಲದ ರೈತ ಹೆಂಗಸು, ಗಂಡಿನ ಪಕ್ಕದಲ್ಲಿ ಸರಿಸಮ. ಏಳು ನೋಟುಗಳಲ್ಲಿ ನಾಲ್ಕರ ಮುಂಬದಿಯಲ್ಲಿ ಹೆಂಗಸರಿದ್ದಾರೆ ನೋಡಿ, 1, 3, 10 ಮತ್ತು 25. ದ್ರಾಕ್ಷಿ ಕೀಳುವವಳು, ನೂಲುವವಳು, ತೆನೆ ಹೊರುವವಳು. ಆ ಕಾಲದ ಬೇರೆ ಎಷ್ಟೋ ದೇಶಗಳ ನೋಟುಗಳಲ್ಲಿ ಹೆಂಗಸರು ಬಂದರೆ ಹೆಚ್ಚಾಗಿ ರಾಣಿಯಾಗಿ, ಇಲ್ಲಾ ದೇವತೆಯಾಗಿ. ಕೆಲಸದ ಬಟ್ಟೆಯಲ್ಲಿ ಇಷ್ಟು ಜನ ಬಂದದ್ದು ಕಡಿಮೆ. ಇದನ್ನು ನಾನು ಆ ಸರಣಿಯ ದೊಡ್ಡ ಒಳ್ಳೇತನ ಎಂದೇ ಎಣಿಸುತ್ತೇನೆ. ಹಳೆಯ ಅಲ್ಬೇನಿಯಾದ ಬೆಟ್ಟದ ಕಡೆಗಳಲ್ಲಿ ಹೆಣ್ಣಿಗೆ ಓದು ಇರಲಿಲ್ಲ, ಆಸ್ತಿ ಇರಲಿಲ್ಲ, ಮದುವೆ ಯಾರ ಜೊತೆ ಅಂತ ಕೇಳುವವರೂ ಇರಲಿಲ್ಲ. ಆ ದೇಶದಲ್ಲಿ ನೂಲುವ ಹೆಂಗಸಿನ ಮುಖ ದುಡ್ಡಿನ ಮೇಲೆ ಬಂದದ್ದು ಸಣ್ಣ ಮಾತಲ್ಲ. ಆದರೆ ಅದೇ ಸರ್ಕಾರ ಅವಳ ಹೊಲವನ್ನು ಸಾಮೂಹಿಕ ಬೇಸಾಯಕ್ಕೆ ತೆಗೆದುಕೊಂಡಿತು, ಅವಳ ಪ್ರಾರ್ಥನೆಯನ್ನು ತೆಗೆದುಕೊಂಡಿತು, ಎದುರು ಮಾತಾಡಿದರೆ ಸಂಸಾರ ಸಮೇತ ದೂರದ ಹಳ್ಳಿಗೆ ಗಡಿಪಾರು ಮಾಡಿತು. ನೋಟಿನ ಹಿಂದೆ ಮುಂದೆ ತಿರುಗಿಸುತ್ತಾ ಕೂತರೆ ಎರಡೂ ಕಡೆಯ ಹೆಂಗಸರು ನನಗೆ ಒಟ್ಟಿಗೆ ಕಾಣುತ್ತಾರೆ. ಮುಂದೆ ಇರುವವಳಿಗೆ ಮುಖವಿದೆ, ಹೆಸರಿಲ್ಲ. ಹಿಂದೆ ಇರುವವಳಿಗೆ ಹೆಸರಿದೆ, ಮುಖ ಗೋಡೆಯೊಳಗಿದೆ.

ಚಿತ್ರ ಮಾಡಿದವರು ಇದನ್ನು ಯೋಚಿಸಿಯೇ ಮಾಡಿದರು ಅಂತ ನಾನು ಹೇಳುತ್ತಿಲ್ಲ. ತುರ್ಕರ ವಿರುದ್ಧ ನಿಂತ ಹಳೆಯ ಕೋಟೆ, ಯಾರಿಗೂ ಬಗ್ಗದ ದೇಶ ಎಂದು ತೋರಿಸಲು ಅದು ಸುಲಭದ ಚಿತ್ರ. ಆದರೆ ಆ ಕಥೆಯನ್ನು ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದ ಅಲ್ಬೇನಿಯನ್ನರು ಆ ಗೋಡೆ ನೋಡಿದ ಕೂಡಲೇ ಅವಳನ್ನೇ ನೆನೆಸಿಕೊಂಡಿರುತ್ತಾರೆ, ಅದನ್ನು ಯಾವ ಸರ್ಕಾರವೂ ತಡೆಯಲಾರದು.

ಸಮಯ ಸಿಕ್ಕಾಗ ಹಗಲು ಬೆಳಕಿನಲ್ಲಿ ಒಂದು ಭೂತಗನ್ನಡಿ ಹಿಡಿದು ನೋಡಿ. ಹಸಿರು ಬಣ್ಣ ಎಂದು ಕಂಡದ್ದು ಸಾವಿರಾರು ಸಣ್ಣ ಗೆರೆಗಳಾಗಿ ಬಿಚ್ಚಿಕೊಳ್ಳುತ್ತದೆ. ಗೆರೆ ದಪ್ಪವಾದ ಕಡೆ ನೆರಳು, ತೆಳುವಾದ ಕಡೆ ಬೆಳಕು. ಚಿತ್ರದ ಸುತ್ತ ಸುತ್ತಿ ಸುತ್ತಿ ಹೋಗುವ ಬಳ್ಳಿಯಂಥ ಜಾಲರಿ ಇದೆಯಲ್ಲ, ಅದು ಬರೀ ಅಲಂಕಾರಕ್ಕೆ ಇರುವುದಲ್ಲ, ನಕಲು ಮಾಡುವವನ ಕೈ ಅಲ್ಲೇ ಸಿಕ್ಕಿಬೀಳುತ್ತದೆ. ಹಿಂಬದಿಯ ಮೇಲ್ಗಡೆ ಅಂದಿನ ರಾಜ್ಯಲಾಂಛನ ಹುಡುಕಿ: ಎರಡು ತಲೆಯ ಹದ್ದು, ಸುತ್ತ ಗೋಧಿ ತೆನೆ, ಮೇಲೆ ನಕ್ಷತ್ರ. ಆ ಲಾಂಛನದ ಪಟ್ಟಿಯಲ್ಲಿ ಇದ್ದ ತಾರೀಖು 24 ಮೇ 1944, ಕಮ್ಯುನಿಸ್ಟರು ಪೆರ್ಮೆತ್ ಎಂಬಲ್ಲಿ ಸಭೆ ಸೇರಿ ತಮ್ಮ ಸರ್ಕಾರಕ್ಕೆ ಅಡಿಗಲ್ಲು ಹಾಕಿದ ದಿನ. ಆಮೇಲೆ ನೋಟನ್ನು ಕಿಟಕಿಗೆ ಎತ್ತಿ ಹಿಡಿಯಿರಿ. ಕಾಗದದ ಒಳಗೆ ವಾಟರ್‌ಮಾರ್ಕ್ ಒಂದೇ ಗುರುತಾಗಿ ಪದೇ ಪದೇ ಬರುತ್ತದೆ. ನಮ್ಮ ನೋಟಿನಲ್ಲಿ ಇರುವ ಹಾಗೆ ಮುಖ ಮೂಡುವುದಿಲ್ಲ. ಅಕ್ಷರಗಳಲ್ಲಿ ಬಾಂಕಾ ಎ ಶ್ತೆತಿತ್ ಶ್ಚಿಪ್ತಾರ್ ಅಂತ ಇದೆ, ಅಲ್ಬೇನಿಯಾದ ಸರ್ಕಾರಿ ಬ್ಯಾಂಕ್ ಎಂದು ಅರ್ಥ. ಅವರು ತಮ್ಮ ಭಾಷೆಯಲ್ಲಿ ತಮ್ಮನ್ನು ಅಲ್ಬೇನಿಯನ್ನರು ಅಂದುಕೊಳ್ಳುವುದಿಲ್ಲ, ಶ್ಚಿಪ್ತಾರ್ ಅನ್ನುತ್ತಾರೆ.

ಆ ಬ್ಯಾಂಕೂ ಈಗಿಲ್ಲ. 1992ರಲ್ಲಿ ಅದರ ಜಾಗಕ್ಕೆ ಬ್ಯಾಂಕ್ ಆಫ್ ಅಲ್ಬೇನಿಯಾ ಬಂತು, ನೋಟುಗಳ ಮುಖವೇ ಬದಲಾಯಿತು. 1996ರ ಸರಣಿ ನೋಡಿದರೆ ಕೆಲಸಗಾರರು ಪೂರ್ತಿ ಹೋಗಿ ಹೆಸರಿರುವ ದೊಡ್ಡವರು ಬಂದಿದ್ದಾರೆ. 100 ಲೆಕ್‌ನಲ್ಲಿ ಫಾನ್ ನೋಲಿ, ಅವರು ಆರ್ಥೊಡಾಕ್ಸ್ ಬಿಷಪ್, 1924ರಲ್ಲಿ ಪ್ರಧಾನಿಯೂ ಆಗಿದ್ದವರು. 200ರಲ್ಲಿ ಕವಿ ನಯೀಮ್ ಫ್ರಾಶರಿ. 1000ದಲ್ಲಿ ಪ್ಯೇತರ್ ಬೊಗ್ದಾನಿ, 17ನೇ ಶತಮಾನದ ಕ್ಯಾಥೊಲಿಕ್ ಆರ್ಚ್‌ಬಿಷಪ್. ಇಪ್ಪತ್ತು ವರ್ಷ ಹಿಂದಿನ ಸರಣಿಗೆ ದೇವರ ಸುದ್ದಿಯೇ ಬೇಡವಾಗಿತ್ತು, ಇದರಲ್ಲಿ ಇಬ್ಬರು ಪಾದ್ರಿಗಳು. ಆಮೇಲೆ 2008ರಲ್ಲಿ 2000 ಲೆಕ್ ಬಂದಾಗ ಅದರ ಮೇಲೆ ಗೆಂಟಿಯಸ್ ರಾಜ ಕೂತ, ಅದೇ ಶ್ಕೋಡರ್ ಗುಡ್ಡದಿಂದ ಆಳಿದವನು. ಹೆಸರಿರುವವರನ್ನು ಗೌರವಿಸಬೇಕು, ನಿಜ. ಆದರೆ ಆ ಸಾಲಿನಲ್ಲಿ ಒಬ್ಬಳೂ ಹೆಂಗಸಿಲ್ಲ. ದ್ರಾಕ್ಷಿ ಬುಟ್ಟಿಯವಳೂ ನೂಲುವವಳೂ ಹೋದವರು ಮತ್ತೆ ಬರಲಿಲ್ಲ. ನನಗೆ ಅದು ನಷ್ಟ ಅಂತಲೇ ಅನಿಸುತ್ತದೆ.

ಕೊನೆಯ ಪ್ರಶ್ನೆ, ಫ್ರೇಮ್. ದಯವಿಟ್ಟು ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ, ಅದು ಕಾಗದವನ್ನು ಸುಟ್ಟ ಹಾಗೆ, ಮತ್ತೆ ಬಿಡಿಸಲು ಬರುವುದಿಲ್ಲ. ಗೋಂದು, ಸೆಲ್ಲೊ ಟೇಪು ಬೇಡ. ಅಪ್ಪನ ಆಲ್ಬಮ್‌ನ ಹಾಳೆಗಳು ಮೃದುವಾದ, ಸ್ವಲ್ಪ ವಾಸನೆ ಬರುವ ಪಿವಿಸಿ ಪ್ಲಾಸ್ಟಿಕ್ಕಿನವಾಗಿದ್ದರೆ ನೋಟುಗಳನ್ನು ಈಗಲೇ ಹೊರಗೆ ತೆಗೆಯಿರಿ. ನನ್ನ ಹತ್ತಿರ ಇದ್ದ ಒಂದು 3 ಲೆಕ್ ನೋಟು ಅಂಥ ಹಾಳೆಯಲ್ಲಿ ಹತ್ತು ವರ್ಷ ಕೂತು ಅಂಟಂಟಾಗಿ, ದ್ರಾಕ್ಷಿ ಬುಟ್ಟಿಯ ಬಣ್ಣವೇ ಪ್ಲಾಸ್ಟಿಕ್ಕಿಗೆ ಹತ್ತಿಕೊಂಡುಬಿಟ್ಟಿತು. ಗಟ್ಟಿಯಾದ, ಪಾರದರ್ಶಕ ಪಾಲಿಯೆಸ್ಟರ್ ಕವರ್ ಸಿಗುತ್ತದೆ, ನೋಟು ಸಂಗ್ರಹದ ಸಾಮಾನು ಮಾರುವವರ ಹತ್ತಿರ ಕೇಳಿ. ಗೋಡೆಗೇ ಹಾಕಬೇಕು ಅಂದರೆ ಬಿಸಿಲು ಬೀಳದ ಗೋಡೆ ನೋಡಿ, ಹಸಿರು ಬೇಗ ಮಾಸುತ್ತದೆ. ಫ್ರೇಮಿನವನಿಗೆ ಹಿಂದೆ ರಟ್ಟು ಹಾಕಬೇಡ, ಎರಡೂ ಕಡೆ ಗಾಜು ಹಾಕು ಅಂತ ಹೇಳಿ, ಆಗಾಗ ತಿರುಗಿಸಿ ತೂಗು ಹಾಕಬಹುದು. ಇಲ್ಲದಿದ್ದರೆ ರೋಜಾಫಾ ಗೋಡೆಯ ಕಡೆಗೆ ಮುಖ ಮಾಡಿಕೊಂಡೇ ಇರಬೇಕಾಗುತ್ತದೆ.